ಎಡಗೈಯ ನವಿಲು

ಮಠಕ್ಕೆ ಬರುವವರಲ್ಲಿ ಮುಚ್ಚಿಡುವುದು ಏನೂ ಇಲ್ಲದವರು ಯಾರಿದ್ದಾರೆ ಹೇಳಿ. ಒಬ್ಬರು ಹೊಟ್ಟೆಯೊಳಗೆ ಮುಚ್ಚಿಟ್ಟಿರುತ್ತಾರೆ, ಇನ್ನೊಬ್ಬರು ಟ್ರಂಕಿನೊಳಗೆ. ಪ್ರಭಾವತಿ ರವಿಕೆಯ ತೋಳಿನೊಳಗೆ ಮುಚ್ಚಿಟ್ಟಿದ್ದಳು.

ವರದಾ ನದಿಯ ದಂಡೆಯ ಮೇಲೆ ಗುರುಸಿದ್ಧವ್ವ ತಾಯಿಯ ಮಠ. ಆ ಮಠದ ಅಡುಗೆಮನೆಯಲ್ಲಿ ಸುಡುಬೇಸಿಗೆಯಲ್ಲೂ ಮಣಿಕಟ್ಟಿನ ತನಕ ತೋಳಿರುವ ರವಿಕೆ ತೊಟ್ಟು ರೊಟ್ಟಿ ಬಡಿಯುತ್ತಿದ್ದವಳು ಅವಳೊಬ್ಬಳೇ. ಹಿಟ್ಟು ನಾದುವಾಗಲೂ ತೋಳು ಮಡಚುತ್ತಿರಲಿಲ್ಲ. ಎಡತೋಳಿನ ಅಂಚು ಹಿಟ್ಟು ಮೆತ್ತಿಕೊಂಡು ಯಾವಾಗಲೂ ಹಪ್ಪಳದಂತೆ ಸೆಟೆದಿರುತ್ತಿತ್ತು.

"ಏನವ್ವಾ, ಒಳಗ ಬಂಗಾರದ ಬಳಿ ಅದಾವೇನು?" ಎಂದು ಜೊತೆಗೆ ರೊಟ್ಟಿ ಬಡಿಯುವ ಕಲ್ಲವ್ವ ಕೇಳುತ್ತಿದ್ದಳು.

"ಕಜ್ಜಿ ಐತಿ," ಎನ್ನುತ್ತಿದ್ದಳು ಪ್ರಭಾವತಿ.

ಕಜ್ಜಿ ಅಂದರೆ ಯಾರೂ ತೋರಿಸು ಅನ್ನುವುದಿಲ್ಲ. ಜಾಣೆ.

ಕಜ್ಜಿಯಲ್ಲ, ಹಚ್ಚೆ. ಅದೂ ಅಜ್ಜಿಯರ ಕಾಲದಲ್ಲಿ ಕೊರವಂಜಿ ಸೂಜಿ ಹಿಡಿದು ಚುಚ್ಚುತ್ತಿದ್ದ ಹಸಿರು ಚುಕ್ಕಿಯಲ್ಲ. ಪೇಟೆಯ ಅಂಗಡಿಯಲ್ಲಿ ಮಷೀನಿನಿಂದ ಬರೆಸಿದ್ದು. ಮೊಣಕೈಯಿಂದ ಮಣಿಕಟ್ಟಿನ ತನಕ ಗರಿ ಬಿಚ್ಚಿದ ನವಿಲು. ಹಸಿರು, ನೀಲಿ, ನಡುನಡುವೆ ಹಳದಿ. ನವಿಲಿನ ಕಾಲ ಕೆಳಗೆ ಕಪ್ಪಕ್ಷರದಲ್ಲಿ ಒಬ್ಬ ಗಂಡಸಿನ ಹೆಸರು. ರಮಾಕಾಂತ.

ರಮಾಕಾಂತ ಗಂಡನಲ್ಲ. ಗಂಡನಾಗಬೇಕಿದ್ದವನು ಬೇರೆಯವನು, ಪಾಪ, ಗೊಬ್ಬರದ ಅಂಗಡಿಯವನು. ಅವನ ಜೊತೆ ನಿಶ್ಚಯವಾದ ದಿನ ಬ್ಯಾಂಡ್ ಊದಲು ಬಂದವನು ರಮಾಕಾಂತ. ಹುಡುಗಿ ಉಂಗುರ ಹಾಕಿಸಿಕೊಂಡದ್ದು ಒಬ್ಬನಿಂದ, ಹೋದದ್ದು ಊದಿದವನ ಹಿಂದೆ. ಬೀಗರ ಎಲೆಯ ಮೇಲೆ ಹೋಳಿಗೆಯ ತುಪ್ಪ ಇನ್ನೂ ಆರಿರಲಿಲ್ಲ.

ಮುಂದೆ ಇನ್ನೊಂದು ಊರಿನ ಮದುವೆಗೆ ಊದಲು ಹೋದವನು ಅಲ್ಲಿಂದಲೂ ಒಬ್ಬಳನ್ನು ಎಬ್ಬಿಸಿಕೊಂಡು ಹೋದ. ಊದುವುದು ಅವನ ಕಸುಬು. ಸುಟ್ಟುಕೊಂಡವಳು ಇವಳು.

ತವರಿನ ಬಾಗಿಲು ಮುಚ್ಚಿತ್ತು. ಮಠದ ಬಾಗಿಲಿಗೆ ಕದವೇ ಇರಲಿಲ್ಲ. ಹಾಗೆ ಬಂದವಳು. ಓಡಿಹೋದ ಕಥೆ ಅವಳಿಗಿಂತ ಮೊದಲೇ ಮಠ ಸೇರಿತ್ತು. ಹಚ್ಚೆಯ ಕಥೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದೆರಡು ಮಳೆಗಾಲ ಕಳೆದ ಮೇಲೆ ಅವಳು ತಾಯಿಯ ಮುಂದೆ ಕೂತು ಬಾಯಿಬಿಟ್ಟಳು.

"ತಾಯಿ, ನನಗೂ ದೀಕ್ಷಾ ಕೊಡ್ರಿ."

ಗುರುಸಿದ್ಧವ್ವ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಡಗೈ ಕೊಡು."

ದೀಕ್ಷೆಯಲ್ಲಿ ಗುರು ಲಿಂಗವನ್ನು ಇಡುವುದು ಶಿಷ್ಯರ ಎಡಗೈಯ ಮೇಲೆ. ಆಮೇಲೆ ಬದುಕಿರುವ ತನಕ ಆ ಕೈಯೇ ಗುಡಿ, ಆ ಕೈಯೇ ಪೀಠ. ಪ್ರಭಾವತಿಗೆ ಅದು ಗೊತ್ತಿತ್ತು. ಅವಳ ಎಡಗೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು.

"ಕೈ ಶುದ್ಧ ಇಲ್ಲ ತಾಯಿ."

"ತೊಳಕೊ."

"ತೊಳೆದರ ಹೋಗೂದಲ್ಲ."

"ಹಂಗಾರ ಹೋಗಿ ಬಾ," ಎಂದರು ತಾಯಿ. ಎಲ್ಲಿಗೆ ಎಂದು ಹೇಳಲಿಲ್ಲ.

ಅವಳು ಹುಬ್ಬಳ್ಳಿಗೆ ಹೋದಳು. ಅಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರು ಲೇಸರ್ ಹಿಡಿದು ಹಚ್ಚೆ ಅಳಿಸುತ್ತಾರೆಂದು ಕೇಳಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಮಲಗಿಸಿದರು. ಬೆಳಕು ಚಟಚಟ ಎಂದು ತೋಳಿಗೆ ಬಡಿಯಿತು. ಸಾಸಿವೆಯ ಒಗ್ಗರಣೆ ಸಿಡಿದ ಹಾಗೆ. ಪ್ರಭಾವತಿ ಹಲ್ಲು ಕಚ್ಚಿಕೊಂಡಳು. ರಮಾಕಾಂತನಿಗಾಗಿ ಅತ್ತದ್ದೇ ಸಾಕಾಗಿತ್ತು, ಅವನ ಹೆಸರಿಗಾಗಿ ಇನ್ನೊಮ್ಮೆ ಯಾಕೆ ಅಳಬೇಕು.

"ಇವತ್ತೇ ಪೂರ್ತಿ ಹೋಗ್ತದಲ್ಲರೀ?"

ಡಾಕ್ಟರಮ್ಮ ನಕ್ಕರು.

"ಬೆಳಕು ಬಣ್ಣವನ್ನ ಪುಡಿ ಮಾಡ್ತದೆ, ಅಷ್ಟೇ. ಆ ಪುಡಿ ಹೊತ್ತು ಹೊರಗೆ ಹಾಕೋದು ನಿಮ್ಮ ಮೈ. ಅದಕ್ಕೆ ಟೈಮ್ ಕೊಡಬೇಕು. ವಾರಗಟ್ಟಲೆ ಬಿಟ್ಟು ಬನ್ನಿ. ಅವಸರ ಮಾಡಿದರೆ ಚರ್ಮ ಸುಟ್ಟು ಕಲೆ ಉಳೀತದೆ. ಕಪ್ಪು ಬೇಗ ಹೋಗ್ತದೆ. ಹಸಿರು, ನೀಲಿ ಹಟ ಮಾಡ್ತವೆ."

ಹೋದಳು, ಬಂದಳು. ತೋಳಿನ ಮೇಲೆ ಬೊಬ್ಬೆ ಎದ್ದಿತು, ಒಣಗಿತು, ಮತ್ತೆ ಹೋದಳು.

ಕಲ್ಲವ್ವನಿಗೆ ನಿದ್ದೆ ಹತ್ತಲಿಲ್ಲ. "ಹುಬ್ಬಳ್ಳಿಗೆ ಮತ್ತ ಮತ್ತ ಯಾಕ ಹೋಗ್ತಾಳ ಇಕಿ? ಕಜ್ಜಿಗೆ ಇಷ್ಟು ಔಷಧ ಯಾರು ಕೊಡ್ತಾರ? ಬ್ಯಾಂಡಿನವ ಮತ್ತ ಊದಾಕ ಬಂದಿರಬೇಕು."

ಇಂಥ ಮಾತು ಆಡುವವರ ಬಾಯಿಗೆ ಸಕ್ಕರೆ, ಆಡಿಸಿಕೊಂಡವರ ಕಣ್ಣಿಗೆ ಸುಣ್ಣ. ಪ್ರಭಾವತಿ ತಲೆ ತಗ್ಗಿಸಿ ರೊಟ್ಟಿ ಬಡಿದಳು.

ಡಾಕ್ಟರಮ್ಮ ಹೇಳಿದಂತೆ ಮೊದಲು ಮಸುಕಾದದ್ದು ಹೆಸರೇ. ರಕಾರ ಹೋಯಿತು, ಮಕಾರ ಹೋಯಿತು. ಕಡೆಗೆ ಅಕ್ಷರಗಳೆಲ್ಲ ಅಳಿದು ನಡುವಿನ ಸೊನ್ನೆ ಒಂದೇ ಕೆಲವು ದಿನ ಉಳಿದಿತ್ತು. ಮನುಷ್ಯ ಇದ್ದದ್ದೂ ಅಷ್ಟೇ. ಆಮೇಲೆ ಸೊನ್ನೆಯೂ ಹೋಯಿತು.

ನವಿಲು ಮಾತ್ರ ಕಾಲೂರಿ ನಿಂತಿತ್ತು.

ಅವಳು ತಾಯಿಯ ಹತ್ತಿರ ಹೋಗಿ ಮೊದಲ ಸಲ ತೋಳು ಮಡಚಿ ತೋರಿಸಿದಳು. ಮೊದಲ ಸಲ ಎಲ್ಲವನ್ನೂ ಹೇಳಿದಳು. ತಾಯಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನೋಡಿದರು.

"ಚಲೋ ಬಿಡಿಸ್ಯಾನ," ಎಂದರು.

"ನಗಬ್ಯಾಡ್ರಿ ತಾಯಿ. ಹೆಸರು ಹೋತು, ನವಿಲು ಹೋಗವಲ್ದು."

"ಓಡಿಹೋದವ ಅವ. ಈ ಹಕ್ಕಿ ಏನು ತಪ್ಪು ಮಾಡೇತಿ?"

"ಅವನೇ ಆರಿಸಿದ ಹಕ್ಕಿ. ನೋಡಿದಾಗೆಲ್ಲ ಅವನ ನೆನಪು. ಈ ಕೈಮ್ಯಾಲ ದೇವರನ್ನ ಹೆಂಗ ಇಟ್ಟುಕೊಳ್ಳಲಿ?"

"ಹಂಗಾರ ಇನ್ನೂ ಹೋಗಿ ಬಾ."

ತಾಳ್ಮೆ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬೇಸಿಗೆ ಬಂತು. ಉದ್ದ ತೋಳಿನ ರವಿಕೆ ಬೆವರಿಗೆ ಅಂಟಿಕೊಂಡು ಲೇಸರ್ ಬಡಿದ ಚರ್ಮ ಉರಿಯತೊಡಗಿತು. ಪ್ರಭಾವತಿಗೆ ಒಂದು ಉಪಾಯ ಹೊಳೆಯಿತು. ಗಿಡ್ಡ ತೋಳಿನ ರವಿಕೆ ತೊಟ್ಟಳು. ಮೊಣಕೈಯಿಂದ ಮಣಿಕಟ್ಟಿನ ತನಕ, ಗೋಡೆಗೆ ಸುಣ್ಣ ಬಳಿದಂತೆ, ದಪ್ಪಗೆ ವಿಭೂತಿ ಬಳಿದುಕೊಂಡಳು.

ಮಠದಲ್ಲಿ ವಿಭೂತಿ ಹಚ್ಚಿಕೊಂಡವರನ್ನು ಯಾಕೆ ಹಚ್ಚಿಕೊಂಡೆ ಎಂದು ಕೇಳುವ ಎದೆ ಯಾರಿಗಿದೆ? ಕಲ್ಲವ್ವ ಕೂಡ ಬಾಯಿ ಮುಚ್ಚಿದಳು. ಬಂದು ಹೋಗುವ ಭಕ್ತರು "ಎಂಥಾ ನಿಷ್ಠಿ ನೋಡ್ರಿ" ಎಂದು ಕೈಮುಗಿದರು. ಪ್ರಭಾವತಿಗೆ ಮುಜುಗರವಾಯಿತು. ಸುಳ್ಳು ಯಾಕೆ, ಹಿತವೂ ಆಯಿತು.

ಅಮಾವಾಸ್ಯೆಯ ದಾಸೋಹ. ಅವಳು ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಬಂದಳು. ಕಾಂಟ್ರಾಕ್ಟರರ ಹೆಂಡತಿ ಕಮಲಾಕ್ಷಮ್ಮ ಕೂತಿದ್ದಳು, ಪಕ್ಕದಲ್ಲಿ ಸೊಸೆ ವಿನುತಾ. ಸೊಸೆಗೆ ಮಕ್ಕಳಾಗಿರಲಿಲ್ಲ. ಅತ್ತೆ ಅವಳನ್ನು ಎಳೆದುಕೊಂಡು ಕಂಡ ಕಂಡ ದೇವರ ಬಾಗಿಲು ಬಡಿಯುತ್ತಿದ್ದಳು. ಸಂತಾನ ಕೊಡುವವನೆಂದು ಷಣ್ಮುಖಸ್ವಾಮಿಗೆ ಹರಕೆಯ ಮೇಲೆ ಹರಕೆ.

ಸಾರಿನ ಹಬೆಗೆ ವಿಭೂತಿ ನೆನೆದು ಇಳಿಯಿತು. ಬೂದಿಯೊಳಗಿಂದ ಮೊದಲು ಒಂದು ನೀಲಿ ಕುತ್ತಿಗೆ, ಆಮೇಲೆ ಒಂದೊಂದೇ ಹಸಿರು ಗರಿ.

ಕಮಲಾಕ್ಷಮ್ಮನ ಕೈಯ ತುತ್ತು ಎಲೆಗೆ ಬಿತ್ತು.

"ನವಿಲು," ಎಂದಳು. "ಬೂದಿಯೊಳಗಿಂದ ನವಿಲು. ಷಣ್ಮುಖಸ್ವಾಮಿ ಬಂದಾನ."

ಎಂಜಲುಗೈಯಲ್ಲೇ ಪ್ರಭಾವತಿಯ ಕಾಲು ಹಿಡಿದಳು. ಇದೇ ಕಮಲಾಕ್ಷಮ್ಮ ಹಿಂದೆ, ಓಡಿಹೋದವಳ ಕೈಯ ನೀರು ನನಗೆ ಬೇಡ ಎಂದು ಲೋಟ ಪಕ್ಕಕ್ಕೆ ಸರಿಸಿದ್ದಳು.

ಅಮ್ಮಾ, ಇದು ಅಂಗಡಿಯ ನವಿಲು ಎಂದಿದ್ದರೆ ಸಾಕಿತ್ತು. ಪ್ರಭಾವತಿ ಅನ್ನಲಿಲ್ಲ. ಕಾಲಿಗೆ ಬಿದ್ದವರ ಮುಂದೆ ಸುಮ್ಮನೆ ನಿಂತುಕೊಳ್ಳುವುದು ಎಷ್ಟು ಸುಖವೆಂದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಸುದ್ದಿಗೆ ಕಾಲು ಬೇಕೇ? ಮಠ ಲಿಂಗದ್ದು, ನವಿಲು ಷಣ್ಮುಖನದು, ಎತ್ತಣ ಸಂಬಂಧ ಎಂದು ಒಬ್ಬರೂ ಕೇಳಲಿಲ್ಲ. ಹೆಂಗಸರು ಸಾಲುಗಟ್ಟಿ ಬಂದು ತೋಳಿಗೆ ಅರಿಸಿನ ಕುಂಕುಮ ಏರಿಸಿದರು. ಸಾಲು ನೋಡಿಕೊಳ್ಳುವ ಅಧಿಕಾರವನ್ನು ಕಲ್ಲವ್ವ ತಾನೇ ವಹಿಸಿಕೊಂಡಳು.

"ನನಗ ಮೊದಲಿಂದ ಗೊತ್ತಿತ್ತು," ಎಂದು ಹೇಳಿಕೊಂಡು ತಿರುಗಿದಳು.

ತಾಯಿ ನೋಡಿದರು. ತಮ್ಮ ಕೆಲಸಕ್ಕೆ ಹೋದರು.

ಮತ್ತೆ ಹುಬ್ಬಳ್ಳಿಗೆ ಹೋಗುವ ದಿನ ಬಂತು. ಪ್ರಭಾವತಿ ಚೀಲ ಹಿಡಿದು ಹೊರಟಾಗ ಅಂಗಳದಲ್ಲಿ ಕಮಲಾಕ್ಷಮ್ಮ ಸೊಸೆಯೊಂದಿಗೆ ಎದುರಾದಳು.

"ಎಲ್ಲಿಗವ್ವ ಸವಾರಿ?"

"ಡಾಕ್ಟರ ಹತ್ತಿರ. ಇದನ್ನ ತೆಗೆಸಾಕ."

ಬಾಯಿತಪ್ಪಿ ಬಂದ ಮಾತು. ಕಮಲಾಕ್ಷಮ್ಮನ ಮುಖದ ಬಣ್ಣವೇ ಹೋಯಿತು.

"ದೇವರ ನವಿಲಿಗೆ ಬೆಂಕಿ ಇಡ್ತೀಯಾ? ಅದನ್ನ ಸುಟ್ಟರ ನನ್ನ ಸೊಸಿ ಹೊಟ್ಟಿಗೆ ಬೆಂಕಿ ಇಟ್ಟಂಗ, ತಿಳಕೊ."

ವಿನುತಾ ತಲೆ ತಗ್ಗಿಸಿ ಕಾಲ ಉಂಗುರ ನೋಡುತ್ತಿದ್ದಳು. ಎಷ್ಟು ದಿನದಿಂದ ಹಾಗೆ ತಗ್ಗಿಸಿಕೊಂಡೇ ಬಂದಿದ್ದಳೋ, ಕತ್ತು ಆ ಕಡೆಗೇ ಬಾಗಿಬಿಟ್ಟಿತ್ತು. ಅದನ್ನು ನೋಡಿದ ಮೇಲೆ ಪ್ರಭಾವತಿಗೆ ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ. ಚೀಲ ಅಲ್ಲೇ ಬಿಟ್ಟು ಹೊಳೆಗೆ ಓಡಿದಳು.

ತಾಯಿ ಕಲ್ಲಿನ ಮೇಲೆ ತಮ್ಮ ಸೀರೆ ಒಗೆಯುತ್ತಿದ್ದರು.

"ತಾಯಿ, ಸಿಕ್ಕಿಹಾಕ್ಕೊಂಡೆ."

"ಯಾರ ಕೈಯಾಗ?"

"ನನ್ನ ಕೈಯಾಗ."

"ಮೊದಲು ಅವ ಹೋದ ಅಂತ ಅಳ್ತಿದ್ದಿ. ಆಮ್ಯಾಲೆ ನವಿಲು ಹೋಗವಲ್ದು ಅಂತ ಅಳ್ತಿದ್ದಿ. ಈಗೇನು?"

"ಈಗ ನವಿಲೂ ಹೋದರ ನನ್ನ ಕಡೆ ಯಾರೂ ನೋಡೂದಿಲ್ಲ ಅಂತ ಅಳು ಬರ್ತದ."

ತಾಯಿಯ ಕೈ ನಿಂತಿತು.

"ಇದೊಂದು ಖರೇ ಮಾತು ಆಡಿದಿ."

"ಹೇಳಿದರ ಮುಖಕ್ಕ ಉಗುಳ್ತಾರ. ಹೇಳದಿದ್ದರ ಆ ಹುಡುಗಿ ನನ್ನ ತೋಳು ನೋಡಿಕೋತ ವರ್ಷ ಕಳೀತಾಳ. ನೀವೇ ಹೇಳಿಬಿಡ್ರಿ ತಾಯಿ. ನಿಮ್ಮ ಮಾತು ಎಲ್ಲಾರೂ ಕೇಳ್ತಾರ."

"ಹಚ್ಚೆ ಹಾಕಿಸಿಕೊಳ್ಳುವಾಗ ನನ್ನ ಕೇಳಿದ್ದಿಯೇನು?"



ತಾಯಿ ಸೀರೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು. "ಹಿಂಡು."

ಆ ಕಡೆಯಿಂದ ಅವರು, ಈ ಕಡೆಯಿಂದ ಇವಳು ತಿರುಚಿದರು. ನೀರು ಧಾರೆಯಾಗಿ ಇಳಿಯಿತು, ಆಮೇಲೆ ಹನಿಹನಿಯಾಗಿ. ಪ್ರಭಾವತಿ ಹಲ್ಲು ಕಚ್ಚಿ ಇನ್ನೂ ತಿರುಚಿದಳು.

"ಸಾಕು, ಹರಿದೀತು," ಎಂದರು ತಾಯಿ. "ಉಳಿದದ್ದು ಗಾಳಿ ನೋಡಿಕೋತದ."

ಪ್ರಭಾವತಿ ಹೊಳೆಗೆ ಬಾಗಿ ತೋಳಿನ ಬೂದಿ, ಅರಿಸಿನ, ಕುಂಕುಮ ಎಲ್ಲ ತೊಳೆದುಕೊಂಡಳು. ಒದ್ದೆ ತೋಳು ಹಾಗೇ ಬಿಟ್ಟುಕೊಂಡು ಮಠಕ್ಕೆ ನಡೆದಳು.

ಅಂಗಳದಲ್ಲಿ ಆಗಲೇ ಸಾಲು ನೆರೆದಿತ್ತು. ಮುಂದೆ ಕಮಲಾಕ್ಷಮ್ಮ.

"ಅವ್ವಾ, ಇದು ದೇವರ ನವಿಲಲ್ಲ," ಎಂದಳು ಪ್ರಭಾವತಿ. ದನಿ ಸಾಲಿನ ಕೊನೆಯ ತನಕ ಕೇಳಿಸಿತು. "ಪೇಟೆಯಾಗ ಅಂಗಡಿಯವ ಹಾಕಿದ್ದು. ಇಲ್ಲಿ ಕೆಳಗ ಬ್ಯಾಂಡಿನವನ ಹೆಸರಿತ್ತು. ಅದು ಹೋಗೇತಿ, ಇದನ್ನೂ ತೆಗೆಸಾಕತ್ತೀನಿ. ವಿಭೂತಿ ಹಚ್ಚಿದ್ದು ಭಕ್ತಿಗಲ್ಲ, ಮುಚ್ಚಾಕ."



"ನನ್ನ ಕಡಿಂದ ಕಾಲು ಹಿಡಿಸಿಕೊಂಡಿಯಲ್ಲ," ಎಂದಳು ಕಮಲಾಕ್ಷಮ್ಮ.

"ಹೌದವ್ವಾ. ಆಗ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು."

ಬಾಗಿ ಕಮಲಾಕ್ಷಮ್ಮನ ಕಾಲು ಮುಟ್ಟಲು ಹೋದಳು. ಕಮಲಾಕ್ಷಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಬಯ್ಯಲು ಬಾಯಿ ತೆರೆದಳು, ಕಣ್ಣೀರು ಬಂತು. ದೇವರು ಇಷ್ಟು ಹತ್ತಿರ ಬಂದು ಕೈಬಿಟ್ಟರೆ ಯಾವ ಹೆಂಗಸಿಗೆ ಸಂಕಟವಾಗುವುದಿಲ್ಲ?

"ನನಗ ಮೊದಲಿಂದ ಗೊತ್ತಿತ್ತು," ಎಂದಳು ಕಲ್ಲವ್ವ.

ತಲೆ ಎತ್ತಿದವಳು ವಿನುತಾ. ಮುಂದೆ ಬಂದು ನವಿಲಿನ ಗರಿಯನ್ನು ಬೆರಳಿನಿಂದ ಮುಟ್ಟಿದಳು.

"ತೆಗೆಸುವಾಗ ನೋವಾಗ್ತದೇನು ಅಕ್ಕಾ?"

"ಆಗ್ತದ. ಒಗ್ಗರಣಿ ಸಿಡಿದಂಗ. ತಡಕೋಬಹುದು."

ವಿನುತಾ ಅತ್ತೆಯ ರಟ್ಟೆ ಹಿಡಿದಳು. "ಬರ್ರಿ ಅತ್ತಿ. ನಾವೂ ಡಾಕ್ಟರ ಹತ್ತಿರನ ಹೋಗೂಣು. ಈ ಸಲ ನಿಮ್ಮ ಮಗನ್ನೂ ಕರಕೊಂಡು."

ಸಾಲಿಗೆ ಸಾಲೇ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಿತು. ಆ ಮಾತನ್ನು ಮನೆಮನೆಗೆ ಮುಟ್ಟಿಸಲು ಕಲ್ಲವ್ವನಿಗೆ ಒಂದು ವಾರ ಸಾಲಲಿಲ್ಲ, ಅದು ಬೇರೆ ಕಥೆ.

ಜನ ಚದುರಿದರು. ಪ್ರಭಾವತಿ ಕಂಬಕ್ಕೆ ಒರಗಿ ಕುಸಿದು ಕೂತಳು. ಎಡಗೈಯನ್ನು ಮುಷ್ಟಿ ಬಿಗಿದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ತಾಯಿ ಬಂದು ಎದುರಿಗೆ ಕೂತರು.

"ಎಡಗೈ ಕೊಡು."

"ಇನ್ನೂ ಹಸಿರು ಐತಿ ತಾಯಿ. ಇನ್ನೆಷ್ಟು ಸಲ ಹೋಗಬೇಕೋ, ಡಾಕ್ಟರಮ್ಮಗೂ ಗೊತ್ತಿಲ್ಲ."

"ಹೋಗು. ಯಾರು ಬ್ಯಾಡ ಅಂದ್ರು?"

"ಪೂರ್ತಿ ಹೋಗೋ ತನಕ ದೇವರನ್ನ ಎಲ್ಲಿ ಇಡ್ತೀರಿ?"

ತಾಯಿ ಅವಳ ಮುಷ್ಟಿ ಹಿಡಿದು ಒಂದೊಂದೇ ಬೆರಳು ಬಿಡಿಸಿದರು.

"ತೋಳು ಕೇಳಿದಾಕಿ ಡಾಕ್ಟರಮ್ಮ. ನಾ ಕೇಳಿದ್ದು ಅಂಗೈ."