ಅಡಿವೆಪ್ಪನ ಗಂಜಿ

ಹಾಲಿಗೆ ಒಂದು ಚೂರು ಮಜ್ಜಿಗೆ ಬಿಡುತ್ತಾರಲ್ಲ, ಮೊಸರಾಗಲಿ ಅಂತ, ಅದಕ್ಕೆ ಏನಂತಾರೆ? ವಿರಜಣ... ಅಲ್ಲ, ಅದು ಈ ಪುಣೆಯವರ ಮಾತು. ನಮ್ಮ ಕಡೆ ಹೆ... ಹೆಚ್ಚು... ಹೆಪ್ಪು! ಹಾಂ, ಹೆಪ್ಪು. ಕತೆಯಲ್ಲಿ ಒಂದು ಹೆಪ್ಪು ಬರುತ್ತದೆ, ಅದಕ್ಕೇ ಮೊದಲೇ ನೆನಪು ಮಾಡಿಕೊಂಡೆ. ಇನ್ನು ಕೇಳು ಮೊಮ್ಮಗಳೇ, ಕೇಳಿ ಬರಕೋ.

ಒಂದೂರು. ಆ ಊರಲ್ಲಿ ಬಾಳವ್ವ ಅನ್ನುವ ಮುದುಕಿ. ಯಾರ ಮನೆಯಲ್ಲಿ ತೊಟ್ಟಿಲು ಹಾಕಲಿ, ಯಾರ ಮನೆಯಲ್ಲಿ ಲಗ್ನವಾಗಲಿ, ಅಡುಗೆಗೆ ಬಾಳವ್ವನೇ ಬರಬೇಕು. ಅವಳಿಗೊಬ್ಬ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟು ಆಚೆಯಿಲ್ಲ, ಈಚೆಯಿಲ್ಲ.

ಒಲೆ ಊದಿ ಊದಿ ಬಾಳವ್ವನ ಉಸಿರು ಕುಂದಿತ್ತು. ಕೆಮ್ಮು ಹತ್ತಿದರೆ ಬಿಡುತ್ತಿರಲಿಲ್ಲ. "ನಾ ಹ್ವಾದ ಮ್ಯಾಲೆ ಇವಗ ಗಂಜಿ ಕಾಸಿ ಕೊಡಾವರು ಯಾರು?" ಅನ್ನುವುದೊಂದೇ ಅವಳ ಚಿಂತೆ. ತನ್ನ ಗಂಜಿ ತಾನು ಕಾಸಿಕೊಳ್ಳುವಷ್ಟು ಕಲಿತರೆ ಸಾಕು, ಬೇರೇನೂ ಬೇಡ ಅನ್ನುತ್ತಿದ್ದಳು.

ಒಂದು ದಿನ ಒಲೆಯ ಮೇಲೆ ಗೋದಿ ಹುಗ್ಗಿ ಇಟ್ಟು, "ನೀರಿಗೆ ಹೋಗಿ ಬರ್ತೀನಿ, ಉರಿ ಆರಗೊಡಬ್ಯಾಡ" ಅಂದು ಹೋದಳು. ಉರಿ ಆರಿದರೆ ತಾನೇ! ಅಡಿವೆಪ್ಪ ಮನೆಯ ಕಟ್ಟಿಗೆಯೆಲ್ಲ ತಂದು ತುರುಕಿದ. ಹುಗ್ಗಿ ತಳ ಹತ್ತಿ ಕರ್‍ರಗಾಯಿತು.

"ಏನ್ ಮಾಡಿದ್ಯೋ ಹುಚ್ಚಪ್ಪಾ!"

"ನೀ ಹೇಳಿದಂಗ ಮಾಡೇನಿ ಬೇ!"

ಬಾಳವ್ವ ಹಣೆ ಬಡಿದುಕೊಂಡಳು. "ತಳ ಹತ್ತಬಾರದಂದ್ರ ಸೌಟು ನಿಲ್ಲಬಾರದೋ! ತಿರುವಿಕೋತ ಇರಬೇಕು, ತಿರುವಿಕೋತ! ತಿಳೀತೇನ?"

"ತಿಳೀತ ಬೇ."

ಮಾರನೆಯ ಸಂಜೆ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ ಮಲಗಿದಳು. ಬೆಳಿಗ್ಗೆ ಎದ್ದರೆ ಅಡಿವೆಪ್ಪ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸೌಟು ತಿರುವುತ್ತಲೇ ಇದ್ದಾನೆ. ಮೊಸರಿಲ್ಲ, ಹಾಲಿಲ್ಲ, ನೀರು ನೀರು.

"ಹಾಳು ಮಾಡಿದ್ಯಲ್ಲೋ!"

"ನೀ ಹೇಳಿದಂಗ ಮಾಡೇನಿ ಬೇ! ತಳ ಹತ್ತಿಲ್ಲ, ನೋಡು!"

"ಹೆಪ್ಪು ಹಾಕಿದ್ದನ್ನ ಅಲುಗಾಡಸಬಾರದೋ! ಕಂಬಳಿ ಸುತ್ತಿ, ಬೆಚ್ಚಗ ಇಟ್ಟು, ಮುಟ್ಟದಂಗ ದೂರ ಕುಂದರಬೇಕು!"

"ಆತ ಬೇ."

ಮುಂದಿನ ಸಲ ಬಾಳವ್ವ ಬೆಣ್ಣೆ ಕಡೆದು ಮುದ್ದೆ ಮಾಡಿ ಅವನ ಕೈಗೆ ಕೊಟ್ಟಳು. "ಚಂದಂಗ ಇಡಪಾ." ಅವನು ಕಂಬಳಿ ಸುತ್ತಿದ. ಒಲೆಯ ಪಕ್ಕದಲ್ಲಿ ಬೆಚ್ಚಗೆ ಇಟ್ಟ. ದೂರ ಕುಳಿತ. ಮುಟ್ಟಲೇ ಇಲ್ಲ. ಬೆಣ್ಣೆಯೆಲ್ಲ ಕಂಬಳಿ ಕುಡಿಯಿತು.

"ಅಯ್ಯೋ ನನ್ನ ಹಣೇಬರವೇ! ಬೆಣ್ಣೀನ ತಣ್ಣೀರಾಗ ಮುಳುಗಿಸಿ ಇಡಬೇಕೋ!"

"ಮೊದಲ ಹೇಳಬಾರದೇನ ಬೇ?"

ಹೌದಲ್ಲ, ಮೊದಲೇ ಹೇಳಬಾರದಿತ್ತೇ ಅಂತ ಬಾಳವ್ವನಿಗೂ ಒಂದು ಗಳಿಗೆ ಅನ್ನಿಸಿತು. ಆದರೆ ಹಿಂದೆಯೇ ಕೆಮ್ಮು ಬಂತು, ಕೆಮ್ಮಿನ ಹಿಂದೆ ಸಿಟ್ಟು ಬಂತು, ಅನ್ನಿಸಿದ್ದು ಮರೆತುಹೋಯಿತು.

ಪಕ್ಕದ ಮನೆ ತಿಪ್ಪವ್ವನ ಮಗಳ ಲಗ್ನ ಗೊತ್ತಾಗಿತ್ತು. ಓಣಿಯ ಹೆಂಗಸರೆಲ್ಲ ಕೂಡಿ, ಹಾಡು ಹೇಳುತ್ತ, ಎಳೆ ಎಳೆಯಾಗಿ ಶಾವಿಗೆ ಹೊಸೆದು ಒಣಗಿಸಿದ್ದರು. ಬುಟ್ಟಿ ಬಾಳವ್ವನ ಮನೆಯ ಅಂಗಳದಲ್ಲೇ ಬಿಸಿಲಿಗಿತ್ತು. ಅವಳು ಹೊರಗೆ ಹೋಗಿದ್ದಾಗ ಅಡಿವೆಪ್ಪ ನೋಡಿದ. ಇಷ್ಟು ಒಳ್ಳೆಯ ತಿನಿಸು, ಹೀಗೆ ಬಿಸಿಲಲ್ಲಿ! ಹಂಡೆಯ ತುಂಬ ತಣ್ಣೀರು ತುಂಬಿ ಶಾವಿಗೆಯೆಲ್ಲ ಮುಳುಗಿಸಿಟ್ಟ.

ತಿಪ್ಪವ್ವ ಬಂದು ಹಂಡೆಗೆ ಕೈ ಹಾಕಿದಳು. ಕೈಗೆ ಬಂದದ್ದು ಅಂಟು.

"ಬಾಳವ್ವಾ, ಅಡಿಗಿಗೆ ಬ್ಯಾರೆ ಯಾರನ್ನರ ಕರೀತೀನಿ. ಈ ಮಗನ್ನ ಕಟಗೊಂಡು ನೀ ನಮ್ಮ ಹೊಸ್ತಲಾ ದಾಟಬ್ಯಾಡ!"

ಆಮೇಲೆ ಓಣಿಯಲ್ಲಿ ಯಾರೂ ಕರೆಯಲಿಲ್ಲ. ಬಾಳವ್ವ ಆ ದಿನ ಬೈದ ಹಾಗೆ ಎಂದೂ ಬೈದಿರಲಿಲ್ಲ. "ನಿನ್ನ ಈ ಹೊಟ್ಟೀಲೆ ಯಾಕರ ಹಡದೆನೋ! ಒಂಚೂರು ಬಾಯಾಗ ಹಾಕ್ಕೊಂಡು ನೋಡಿದ್ರ ಗೊತ್ತಾಗತಿತ್ತಲ್ಲೋ! ಉಣ್ಣೂದು ಏನ ಇರಲಿ, ಮೊದಲ ರುಚಿ ನೋಡು. ಸರಿ ಐತಿ ಅಂತ ಖಾತ್ರಿ ಮಾಡ್ಕೋ. ಖಾತ್ರಿ ಆದ ಮ್ಯಾಲೇ ಇನ್ನೊಬ್ಬರಿಗೆ ಕೊಡು!"

ಅಡಿವೆಪ್ಪ ಮೂಲೆಯಲ್ಲಿ ಕುಳಿತು, "ರುಚಿ ನೋಡು, ಖಾತ್ರಿ ಮಾಡ್ಕೋ" ಅಂತ ತನ್ನಷ್ಟಕ್ಕೆ ತಾನು ಹೇಳಿಕೊಂಡ.

ಮಳೆಗಾಲಕ್ಕೆ ಬಾಳವ್ವ ಹಾಸಿಗೆ ಹಿಡಿದಳು. ಏಳಲಾಗಲಿಲ್ಲ, ಬೈಯುವಷ್ಟು ಉಸಿರೂ ಇರಲಿಲ್ಲ. ಮಲಗಿದಲ್ಲಿಂದಲೇ ಮೆತ್ತಗೆ ಹೇಳಿದಳು: "ಅಡಿವ್ಯಾ, ಒಂದೀಟು ಗಂಜಿ ಕಾಸಪಾ. ನಾ ಇಲ್ಲೇ ನೋಡಿಕೋತ ಇರ್ತೀನಿ. ಅಕ್ಕಿ ತೊಳಿ."

"ತೊಳದೆ ಬೇ."

"ನೀರು ಹಾಕು. ಇನ್ನೀಟು. ಸಾಕು. ಕುದಿ ಬಂತೇನ?"

"ಬಂತ ಬೇ!"

"ಉರಿ ಸಣ್ಣ ಮಾಡು. ಈಗ ತಿರುವು, ಮೆಲ್ಲಕ. ಹಾಂ, ಹಂಗ."

ಒಂದೊಂದು ಮಾತು ಹೇಳಿದಳು, ಒಂದೊಂದನ್ನೂ ಅವನು ಸರಿಯಾಗಿ ಮಾಡಿದ. ಇಷ್ಟೇ ಇತ್ತೇ ಕಲಿಸುವುದು! ಇಷ್ಟು ವರ್ಷ ಇವನನ್ನು ಒಲೆಯ ಮುಂದೆ ಬಿಟ್ಟು ನೀರಿಗೆ ಹೋದೆ, ಬಂದು ಬೈದೆ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಿನವೂ ತೋರಿಸಲಿಲ್ಲ ಅಂದುಕೊಂಡಳು. ಅವಳ ಕಣ್ಣು ತುಂಬಿತು. ಬೆಂದ ಅಕ್ಕಿಯ ವಾಸನೆ ಮನೆಯ ತುಂಬ ಹರಡಿತು. ಹದವಾದ ಗಂಜಿಗೆ ಮಾತ್ರ ಆ ವಾಸನೆ ಬರುತ್ತದೆ ಅಂತ ಬಾಳವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು! ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಕಣ್ಣು ಮುಚ್ಚಿಕೊಂಡು ಕಾದಳು.

ಅಡಿವೆಪ್ಪ ಉಪ್ಪು ಹಾಕಿದ. ಒಂದು ಸೌಟು ಬಾಯಿಗೆ ಬಿಟ್ಟುಕೊಂಡ. ಸರಿ ಇದೆ! ಆದರೆ ಇದು ಮೇಲಿನದು, ಕೆಳಗೆ ಹೇಗಿದೆಯೋ? ಇನ್ನೊಂದು ಸೌಟು. ಸರಿ ಇದೆ! ಅದರ ಕೆಳಗೆ? ಮತ್ತೊಂದು ಸೌಟು.

"ಆತೇನೋ ಮಗನ?"

"ಆತ ಬೇ, ಆತು! ಖಾತ್ರಿ ಆತು! ತಳದ ತನಕ ಸರಿ ಇತ್ತು!"

ಪಾತ್ರೆ ಬೋರಲು ಹಿಡಿದು ತೋರಿಸಿದ. ಒಂದು ಅಗುಳೂ ಬೀಳಲಿಲ್ಲ.

ಬಾಳವ್ವ ಬೈಯಲಿಲ್ಲ.

"ಹೊಟ್ಟಿ ತುಂಬೇತೇನೋ?"

"ತುಂಬೇತಿ ಬೇ! ಇನ್ನೊಮ್ಮಿ ಕಾಸಲೇನ?"

"ಈಗ ಬ್ಯಾಡ. ನಾಳೆ ಕಾಸೂವಂತಿ" ಅಂದು ಗೋಡೆಯ ಕಡೆ ಹೊರಳಿದಳು.

ಆ ನಾಳೆ ಬಾಳವ್ವನಿಗೆ ಬರಲಿಲ್ಲ.

ಬರಕೊಂಡ್ಯೇನವ್ವಾ ಮೊಮ್ಮಗಳೇ? ಅವ್ವನೂ ಒಂದು ಗುಟುಕು ಕುಡಿದಳು ಅಂತ ಬರಿ... ಬ್ಯಾಡ, ಅದನ್ನ ಹೊಡೆದು ಹಾಕು. ಕುಡೀಲಿಲ್ಲ. ಗಂಜಿ ಮಾತ್ರ ಚಲೋ ಆಗಿತ್ತು. ಹಾಂ, ಹಂಗ ಬರಿ.