ಪಟ್ಟಿಯಿಂದ ಬಿಟ್ಟ ಏಳು ಮಂದಿ

ಮಲಪ್ರಭೆಯ ದಂಡೆಗೆ ಪರ್ವತಯ್ಯನವರ ಆಶ್ರಮ. ಹೆಸರಿಗಷ್ಟೇ ಆಶ್ರಮ, ಬೆಳಗಾದರೆ ಅಲ್ಲಿ ನೆರೆಯುವವರೆಲ್ಲ ಕಾಲಿನ ಹುಣ್ಣು ಮಾಯದೆ ಸೋತು ಬಂದವರು.

ಪರ್ವತಯ್ಯ ಓದಿದ ಡಾಕ್ಟರೇ. ಆದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಅಜ್ಜಾರು. ಅವರು ಕೈಯಾರೆ ಅರೆದು ಕಾಯಿಸಿದ ಲೇಪವನ್ನು ಜನ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಅವರ ಶಿಷ್ಯೆ ಮಹಾನಂದಾ. ಎಂಬಿಬಿಎಸ್ ಮುಗಿಸಿ, ಕಲಿಯಬೇಕೆಂದು ಬಂದು ಮೂರು ವರ್ಷವಾಗಿತ್ತು. ಅವಳ ಅಪ್ಪನ ಕಾಲು ಇಂಥದೇ ಹುಣ್ಣಿಗೆ ಮೊಣಕಾಲಿನ ತನಕ ಹೋಗಿತ್ತು. ಇನ್ನೊಬ್ಬರ ಅಪ್ಪನಿಗೆ ಹಾಗಾಗಬಾರದು ಅನ್ನುವುದು ಅವಳ ಹಟ.

ಅದಕ್ಕೇ ಲೇಖನ ಬರೆದಳು. ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದರೆ ಬೇರೆ ಊರಿನ ಡಾಕ್ಟರುಗಳೂ ಲೇಪವನ್ನು ಪರೀಕ್ಷಿಸಿ ನೋಡುತ್ತಾರೆ. ಇಲ್ಲದಿದ್ದರೆ ಅದು ಈ ದಂಡೆ ದಾಟುವುದೇ ಇಲ್ಲ.

ಎಷ್ಟು ಒದ್ದಾಡಿದಳು ಅಂತೀರಿ! ಸಾರಾಂಶ ಇನ್ನೂರೈವತ್ತು ಪದ ಮೀರಬಾರದು ಅಂದರೆ ಮೀರಲಿಲ್ಲ. ಕೋಷ್ಟಕ ಬೇರೆ ಹಾಳೆಯಲ್ಲಿರಬೇಕು ಅಂದರೆ ಬೇರೆಯಲ್ಲೇ ಇಟ್ಟಳು. ರೋಗಿಗಳ ಒಪ್ಪಿಗೆ ಪತ್ರ, ಆಧಾರ ಲೇಖನಗಳ ಪಟ್ಟಿ, ಸಂಪಾದಕರಿಗೊಂದು ವಿನಯದ ಪತ್ರ, ಯಾವುದೂ ತಪ್ಪಲಿಲ್ಲ. 'ನಲವತ್ತು ರೋಗಿಗಳು, ನಲವತ್ತೂ ಮಂದಿ ಗುಣ' ಎಂದು ಬರೆದು ಕಳಿಸಿದಳು.

ಎರಡು ತಿಂಗಳಿಗೆ ಹಸ್ತಪ್ರತಿ ವಾಪಸು ಬಂತು. ತಿರಸ್ಕಾರವಲ್ಲ. ಆದರೆ ಅದನ್ನು ಓದಿ ತೂಗಿದ ಪರೀಕ್ಷಕರೊಬ್ಬರು ಒಂದು ಪ್ರಶ್ನೆ ಹಾಕಿದ್ದರು. 'ಗುಣವಾದವರು ಎಷ್ಟು ಎಂದು ಬರೆದಿದ್ದೀರಿ. ಬಂದವರು ಎಷ್ಟು?'

ಮಹಾನಂದಾಗೆ ರೇಗಿಹೋಯಿತು. ಕಾಗದ ಹಿಡಿದು ನೇರ ಹೊಳೆಯ ಮೆಟ್ಟಿಲಿಗೆ ಬಂದಳು. ಅಜ್ಜಾರು ಲೇಪದ ಪಾತ್ರೆ ತಿಕ್ಕುತ್ತ ಕೂತಿದ್ದರು.

"ನೋಡ್ರಿ ಅಜ್ಜಾರ, ಹೆಸರಿಲ್ಲ, ಊರಿಲ್ಲ, ಎಲ್ಲೋ ಕುಂತು ಕೊಂಕು ತಗೀತಾರ! ನಲವತ್ತಕ್ಕ ನಲವತ್ತು ಗುಣ ಆಗೇತಿ. ಇನ್ನೇನು ಬೇಕಂತ ಇವರಿಗೆ?"

"ಬಂದವರು ಎಷ್ಟವಾ?"

"ನಲವತ್ತೇಳು."

ಅಜ್ಜಾರ ಕೈ ನಿಂತಿತು.

"ಏಳು ಮಂದಿ ನಡುವ ಬಿಟ್ಟು ಹೋದ್ರು," ಅಂದಳು ಮಹಾನಂದಾ. "ಔಷಧ ಪೂರ್ತಿ ಮಾಡದವರನ್ನ ಹೆಂಗ ಹಿಡಿಯೂದು ಅಂತ ಪಟ್ಟಿಯಿಂದ ತಗದೆ."

"ಅವರ ಹಾಳಿ ತಗೊಂಡ ಬಾ."

ಹಾಳೆ ಅಂದರೆ ಆ ಆಶ್ರಮದ ಒಂದು ಪದ್ಧತಿ. ರೋಗಿ ಬಂದಾಗಲೆಲ್ಲ ಗಾಯದ ಮೇಲೆ ತೆಳುವಾದ ಪಾರದರ್ಶಕ ಹಾಳೆ ಹಿಡಿದು, ಗಾಯದ ಅಂಚಿನ ಗುಂಟ ಗೆರೆ ಎಳೆದು, ತಾರೀಖು ಹಾಕಿ ಇಡುತ್ತಾರೆ. ವಾರದಿಂದ ವಾರಕ್ಕೆ ಗೆರೆ ಸಣ್ಣದಾಗುತ್ತ ಹೋದರೆ ಗಾಯ ಮಾಯುತ್ತಿದೆ ಅಂತ ಅರ್ಥ. ನಲವತ್ತು ಮಂದಿಗೆ ಆರಾರು ಹಾಳೆಗಳಿದ್ದವು. ಈ ಏಳು ಮಂದಿಗೆ ಒಂದೋ ಎರಡೋ.

ಅಜ್ಜಾರು ಒಂದನ್ನು ಬಿಸಿಲಿಗೆ ಹಿಡಿದರು. "ಈ ಗಾಯ ಈಗ ಎಷ್ಟೈತಿ?"

"ಗೊತ್ತಿಲ್ರಿ."

"ಇದು?"

"ಅದೂ ಗೊತ್ತಿಲ್ಲ."

"ಮತ್ತ ನನ್ನ ಯಾಕ ಕೇಳ್ತಿ? ಇವರನ್ನ ಕೇಳಿ ಬಾ."

"ಅಜ್ಜಾರ, ಉತ್ತರ ಕಳಸಾಕ ಒಂದ ತಿಂಗಳು ಕೊಟ್ಟಾರ!"

"ಏಳು ಮನಿಗೆ ಒಂದು ತಿಂಗಳು ಸಾಲಂಗಿಲ್ಲೇನು?"

ಗೊಣಗುತ್ತಲೇ ಹೊರಟಳು. ಬಸ್ಸಿಗೆ ಕಾದು, ಬಿಸಿಲಲ್ಲಿ ನಡೆದು, ಮನೆ ಯಾವುದು ಎಂದು ಕೇಳಿ ಕೇಳಿ ಗಂಟಲು ಒಣಗಿತು.

ಮೊದಲ ಮೂರು ಮನೆಗಳಲ್ಲಿ ಅವಳನ್ನು ಕಂಡು ನಕ್ಕರು. "ಆರಾಮ ಆಗೇತ್ರಿ ಡಾಕ್ಟರಮ್ಮ. ಮತ್ಯಾಕ ಬರೂದು?" ಮಹಾನಂದಾಗೆ ಹಿಗ್ಗೋ ಹಿಗ್ಗು.

ನಾಲ್ಕನೆಯವನು ಕಬ್ಬು ಕಡಿಯುವ ತಂಡದ ಜೊತೆ ಹೋಗಿದ್ದ. ಯಾವ ಸೀಮೆಗೆ ಅಂತ ಮನೆಯವರಿಗೂ ಗೊತ್ತಿರಲಿಲ್ಲ.

ಐದನೆಯ ಮನೆ ಕಲ್ಲವ್ವನದು. ಹೊಸ್ತಿಲ ಮೇಲೆ ಕೂತಿದ್ದ ಆಕೆ ಮಹಾನಂದಾಳನ್ನು ಕಂಡದ್ದೇ ಸೀರೆ ಎಳೆದು ಪಾದ ಮುಚ್ಚಿಕೊಂಡಳು. ಎಷ್ಟು ಮುಚ್ಚಿದರೂ ಕಂಡಿತು. ಆ ಪಾದದಲ್ಲಿ ಎರಡು ಬೆರಳು ಇರಲಿಲ್ಲ.

"ಲೇಪ ಹಚ್ಚಿದ ಎಂಟು ದಿನಕ್ಕ ಗಾಯ ಮೆತ್ತಗಾಗಿ ಕೊಳತು ಹೋತು," ಅಂದಳು ಕಲ್ಲವ್ವ. "ದೊಡ್ಡ ದವಾಖಾನ್ಯಾಗ ಬೆರಳು ತಗದ್ರು."

"ಅಯ್ಯೋ ಯವ್ವಾ! ನಮ್ಮ ಕಡೆ ಬಂದು ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಊರಿಗೆಲ್ಲ ಹತ್ತಿದ ಔಷಧ ನನಗೊಬ್ಬಾಕಿಗೆ ಹತ್ತಲಿಲ್ಲಂದ್ರ ಅಜ್ಜಾರ ಮನಸಿಗೆ ನೋವಾಗೂದಿಲ್ಲ? ನನ್ನ ಹಣೇಬರಾ ಅಂತ ಸುಮ್ನಾದೆ. ನೀನೂ ಹೇಳಬ್ಯಾಡವಾ, ನಿನ್ನ ಕಾಲ ಬೀಳ್ತೀನಿ."

ಆರನೆಯ ಮನೆಯಲ್ಲೂ ಇದೇ ಕಥೆ, ಏಳನೆಯದರಲ್ಲೂ ಇದೇ. ಕೊಳೆತ ಗಾಯ, ತಲೆತಗ್ಗಿಸಿದ ಮುಖ, ಅಜ್ಜಾರಿಗೆ ಹೇಳಬೇಡ ಅನ್ನುವ ಮಾತು.

ಮಹಾನಂದಾ ಆಶ್ರಮಕ್ಕೆ ಬಂದವಳು ಎರಡು ದಿನ ಅಜ್ಜಾರ ಕಣ್ಣು ತಪ್ಪಿಸಿ ಓಡಾಡಿದಳು. ಮೂರನೆಯ ದಿನ ಅಜ್ಜಾರ ಮುಂದೆ ಕೂತು ಎಲ್ಲ ಹೇಳಿ ಅತ್ತುಬಿಟ್ಟಳು.

ಅಜ್ಜಾರಿಗೆ ಬಹಳ ದುಃಖವಾಯಿತು. ಅದನ್ನೇನು ಅವರು ಮುಚ್ಚಿಡಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು.

"ಗಾಯ ಕೆಟ್ಟ ಮೂರೂ ಮಂದಿ ಉದ್ಯೋಗ ಏನು?"

ಅವಳಿಗೆ ಇದ್ಯಾಕೆ ಅನ್ನಿಸಿತು. ಆದರೂ ಹೇಳಿದಳು. "ಕಲ್ಲವ್ವ ಹೊಳ್ಯಾಗ ಅರಿವಿ ಒಗೀತಾಳ. ಒಬ್ಬಾಂವ ಮೀನು ಹಿಡೀತಾನ. ಇನ್ನೊಬ್ಬಾಂವ ಇಟ್ಟಿಗಿ ಮಾಡಾಕ ಕೆಸರು ತುಳೀತಾನ..." ಹೇಳುತ್ತ ಹೇಳುತ್ತ ತಟ್ಟನೆ ತಲೆಯೆತ್ತಿದಳು. "ಅಜ್ಜಾರ! ಮೂರೂ ಮಂದಿ ಕಾಲು ಇಡೀ ದಿನ ನೀರಾಗ ಇರ್ತಾವ!"

"ಬರಿ ಅದನ್ನ."

"ಬರದ್ರ ಲೇಪದ ಹೆಸರು ಕೆಡತೈತ್ರಿ. ನಿಮ್ಮ ಹೆಸರೂ ಕೆಡತೈತಿ. ಅವರು ಅಚ್ಚ ಹಾಕಲೇ ಇಲ್ಲಂದ್ರ?"

"ಅಚ್ಚ ಹಾಕಿದ್ರು ಅಂತ ತಿಳಕೋ. ನೀ ಕಾಣದ ಊರಾಗ, ಭತ್ತದ ಗದ್ಯಾಗ ನಿಲ್ಲಾಕಿಗೆ ಒಬ್ಬ ಡಾಕ್ಟರು ನಿನ್ನ ಲೇಖನ ನಂಬಿ ಲೇಪ ಹಚ್ಚಿದ. ಆಕಿ ಬೆರಳು ಯಾರ ಪಟ್ಟ್ಯಾಗ ಹಾಕ್ತಿ?"

ಮಹಾನಂದಾ ಎದ್ದು ಹೋಗಿ ಬರೆಯಲು ಕೂತಳು.

'ಬಂದವರು ನಲವತ್ತೇಳು. ಗುಣವಾದವರು ನಲವತ್ತಮೂರು. ಗಾಯ ಕೆಟ್ಟವರು ಮೂವರು. ಮೂವರೂ ನೀರಿನಲ್ಲಿ ನಿಂತು ದುಡಿಯುವವರು. ಒಬ್ಬರ ಸುದ್ದಿ ತಿಳಿದಿಲ್ಲ.'

ಸಾರಾಂಶ ಇನ್ನೂರೈವತ್ತು ಪದ ಮೀರಿತು. ಎಲ್ಲಿ ಕತ್ತರಿಸಲಿ ಎಂದು ಹುಡುಕಿದಳು. 'ಅಮೋಘ', 'ಅಭೂತಪೂರ್ವ', 'ಸಂಪೂರ್ಣ ನಿರಪಾಯ' ಎಂದೆಲ್ಲ ತಾನೇ ಬರೆದದ್ದು ಕಂಡು ಅವಳಿಗೇ ನಾಚಿಕೆಯಾಯಿತು. ಅಷ್ಟನ್ನೂ ಹೊಡೆದುಹಾಕಿದ ಮೇಲೆ ಪದಗಳ ಮಿತಿ ಸರಿಹೋಯಿತು.

ಮರುದಿನ ಅಜ್ಜಾರು ತಾವೇ ಬಸ್ಸು ಹತ್ತಿ ಕಲ್ಲವ್ವನ ಮನೆಗೆ ಹೋದರು, ಉಳಿದಿಬ್ಬರ ಮನೆಗೂ ಹೋದರು. ಅಲ್ಲಿ ಏನು ಮಾತಾಯಿತೋ, ಮಹಾನಂದಾಗೆ ಹೇಳಲಿಲ್ಲ. ಬರುವಾಗ ಮೂವರ ಹೆಬ್ಬೆಟ್ಟಿನ ಒಪ್ಪಿಗೆ ಪತ್ರ ಅವರ ಚೀಲದಲ್ಲಿತ್ತು. ತಿದ್ದಿದ ಹಸ್ತಪ್ರತಿ ಗಡುವಿಗೆ ಮೊದಲೇ ಹೋಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಅವತ್ತಿನಿಂದ ಅಜ್ಜಾರು ಹೊಸ ರೋಗಿಯ ಗಾಯ ನೋಡುವ ಮೊದಲು ಉದ್ಯೋಗ ಕೇಳತೊಡಗಿದರು. ನೀರಲ್ಲಿ ನಿಲ್ಲುವವರಿಗೆ ಲೇಪ ಕೊಡುವುದನ್ನೇ ಬಿಟ್ಟರು. ಜೊತೆಗೆ ಪ್ರತಿ ಮುಂಜಾನೆ ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದರು.

"ಔಷಧ ಹತ್ತದವರಿಗೆ ಪಾಳಿ ಇಲ್ಲ! ಅವರು ಎಲ್ಲಾರಕಿಂತ ಮೊದಲ ಒಳಗ ಬರ್ರಿ!"

ಜನ ನೆಲ ನೋಡುತ್ತ ನಿಲ್ಲುತ್ತಿದ್ದರು. ವಾರ ಕಳೆಯಿತು, ತಿಂಗಳು ಕಳೆಯಿತು, ಒಬ್ಬರೂ ಮುಂದೆ ಬರಲಿಲ್ಲ. ಒಬ್ಬನಂತೂ ಕೀವು ಸೋರುವ ಕಾಲು ಹಿಂದಕ್ಕೆಳೆದುಕೊಂಡು, "ಭಾಳ ಗುಣ ಕಂಡೇತ್ರಿ ಅಜ್ಜಾರ," ಅಂದ!

ಅಜ್ಜಾರು ಸಪ್ಪಗಾದರು. "ನನ್ನ ಮ್ಯಾಲ ಇವರಿಗೆ ನಂಬಿಗಿ ಇಲ್ಲವಾ."

"ನಂಬಿಗಿ ಹೆಚ್ಚಾಗೇತ್ರಿ. ತಾಪತ್ರಯ ಅದ ಆಗೇತಿ," ಅಂದಳು ಮಹಾನಂದಾ.

ಮುಂದೊಂದು ಮುಂಜಾನೆ ಪತ್ರಿಕೆಯ ಕಾಗದ ಬಂತು. ಅದನ್ನು ಹಿಡಿದು ಮಹಾನಂದಾ ಅಂಗಳ ದಾಟಿ ಓಡಿಬಂದಳು. ಉಸಿರು ಹತ್ತಿತ್ತು.

"ಅಜ್ಜಾರ, ತಗೊಂಡಾರ! ಅಚ್ಚಾಗತೈತಿ! ಕೇಳ್ರಿಲ್ಲೆ, ಸಂಪಾದಕರು ಏನ್ ಬರದಾರ. 'ನಿಮ್ಮ ಹಸ್ತಪ್ರತಿಯನ್ನು ಸ್ವೀಕರಿಸಲಾಗಿದೆ. ವಿಶೇಷವಾಗಿ ನೀರಿನಲ್ಲಿ ದುಡಿಯುವ ಆ ಮೂವರ ವಿವರ...'"

ಅಜ್ಜಾರ ಮುಖ ಅರಳಿತು. ಅವಳ ತಲೆಯ ಮೇಲೆ ಕೈಯಿಟ್ಟರು. "ಶಾಬಾಸ್! ಓದು, ಓದು, ಇನ್ನೊಮ್ಮೆ ಓದು."

ಅಷ್ಟರಲ್ಲಿ ಹೊರಗೆ ಗಲಾಟೆ. ಪಾಳಿಯನ್ನು ಸೀಳಿಕೊಂಡು, ಕುಂಟುತ್ತ, ಒಬ್ಬ ಮುದುಕಿ ನುಗ್ಗಿ ಬರುತ್ತಿದ್ದಳು. ಯಾವ ಊರಿನವಳೋ, ಪಾಳಿಯಲ್ಲಿದ್ದ ಯಾರಿಗೂ ಗುರುತಿರಲಿಲ್ಲ.

"ಎಲ್ಲಿ ಅದಾನ ನಿಮ್ಮ ಅಜ್ಜ? ಇದೇನು ಔಷಧ ಏನು ಸುಣ್ಣಾನೋ? ಹದಿನೈದು ದಿನ ಹಚ್ಚೀನಿ, ಒಂದು ಎಳ್ಳಿನಷ್ಟೂ ಮಾಯ್ದಿಲ್ಲ!"

"ಏ, ಸುಮ್ನಿರಬೇ! ಯಾರ ಮುಂದ ಮಾತಾಡಾಕತ್ತಿ, ಖಬರ್ ಐತೇನು?" ಜನ ಅವಳ ಸೆರಗು ಹಿಡಿದು ಹಿಂದಕ್ಕೆ ಎಳೆದರು.

ಅಜ್ಜಾರು ಕೈಯೆತ್ತಿ ಮಹಾನಂದಾಳ ಓದನ್ನು ನಿಲ್ಲಿಸಿದರು. ಎದ್ದು ಬಾಗಿಲಿಗೆ ಹೋದರು, ತಾವು ಕೂತಿದ್ದ ಮಣೆಯನ್ನು ಮುದುಕಿಯ ಮುಂದೆ ಹಾಕಿದರು.

"ಬಾರವ್ವಾ, ಕೂಡು. ಇಷ್ಟು ದಿನ ನಿನ್ನ ಹಾದೀನ ಕಾಯಾಕತ್ತಿದ್ದೆ."