ಮುಳ್ಳು ಕದಲದ ತೂಕ

ವೃಷಭೇಂದ್ರ ಹೊಳೆದಂಡೆಯ ಆಶ್ರಮಕ್ಕೆ ಸಿಟ್ಟಿನಲ್ಲೇ ಬಂದ. ಅವನು ಗುರುಗಳ ಹಳೆಯ ಶಿಷ್ಯ. ಈಗ ಒಂದು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ.

ಗುರುಗಳು ಅಡುಗೆಮನೆಯ ಹಿಂದೆ ಸೌದೆ ಜೋಡಿಸುತ್ತಿದ್ದರು.

“ಯಾರ ಮೇಲಪ್ಪಾ ಇಷ್ಟು ಸಿಟ್ಟು?”

“ಶಾರವ್ವ ಅಂತ, ಎಕ್ಸ್‌ರೇ ಕೋಣೆಯ ಆಯಾ. ಅಳುವ ಮಕ್ಕಳನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ಅವಳ ಕೆಲಸ. ಈಗ ಬಸುರಿ. ಬೇರೆ ವಾರ್ಡಿಗೆ ಹಾಕಿ ಅಂತ ದಿನಾ ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ. ಆಗುವುದಿಲ್ಲ ಅಂದೆ. ಇಡೀ ಆಸ್ಪತ್ರೆ ನನ್ನನ್ನು ಕಟುಕ ಅನ್ನುತ್ತಿದೆ.”

“ಯಾಕೆ ಆಗುವುದಿಲ್ಲ?”

“ಸೀಸದ ಏಪ್ರನ್ ಹಾಕಿಕೊಂಡಿರುತ್ತಾಳೆ. ಮೈಗೆ ತಗಲಿದ ವಿಕಿರಣ ಅಳೆಯಲು ಅವಳು ಸಿಕ್ಕಿಸಿಕೊಳ್ಳುವ ಬ್ಯಾಡ್ಜಿನಲ್ಲಿ ಸೊನ್ನೆ.”

“ನಿಜವಾಗಿ ಸೊನ್ನೆಯೇ?”

ವೃಷಭೇಂದ್ರ ತಡವರಿಸಿದ. “ಬ್ಯಾಡ್ಜಿಗೆ ಅಳೆಯಲಾಗದಷ್ಟು ಕಡಿಮೆ. ಅಂಥದ್ದನ್ನು ನಾವು ಸೊನ್ನೆ ಅಂತಲೇ ಬರೆಯುವುದು. ಅದು ಪದ್ಧತಿ.”

ಸೌದೆಯ ಸಂದಿಯಿಂದ ಚೇಳಿನ ಮರಿಯೊಂದು ಹೊರಬಂತು. ಗುರುಗಳು ಅದನ್ನು ಚಕ್ಕೆಯ ಮೇಲೆ ಹತ್ತಿಸಿಕೊಂಡು, ಅಕ್ಕಿಚೀಲ ತೂಗುವ ತಕ್ಕಡಿಯ ತಟ್ಟೆಗೆ ಕೊಡವಿದರು.

“ತೂಕ ನೋಡು.”

“ಮುಳ್ಳು ಕದಲಲೇ ಇಲ್ಲ.”

“ಬರೆಯುವುದಾದರೆ?”

“ಸೊನ್ನೆ.”

“ಹಾಗಾದರೆ ತಟ್ಟೆ ಖಾಲಿ. ಅಂಗೈ ಇಡು.”

ಶಿಷ್ಯ ಕೈ ಹಿಂದಕ್ಕೆಳೆದುಕೊಂಡ.

“ತಮಾಷೆ ಮಾಡಬೇಡಿ ಗುರುಗಳೇ. ಚೇಳಿಗೆ ವಿಷವಿದೆ, ಎಲ್ಲರಿಗೂ ಗೊತ್ತು. ಇಷ್ಟು ಕಡಿಮೆ ವಿಕಿರಣದಿಂದ ಅಪಾಯವಿದೆ ಅಂತ ಯಾರೂ ಖಚಿತವಾಗಿ ತೋರಿಸಿಲ್ಲ. ದೇಹವೇ ಸರಿಪಡಿಸಿಕೊಳ್ಳುತ್ತದೆ ಅನ್ನುವ ವಿಜ್ಞಾನಿಗಳಿದ್ದಾರೆ.”

“ಅಲ್ಲ ಅನ್ನುವವರು?”

“ಅವರೂ ಇದ್ದಾರೆ. ಎಷ್ಟೇ ಕಡಿಮೆಯಾದರೂ ಅಷ್ಟರಮಟ್ಟಿಗೆ ಅಪಾಯ ಇದ್ದೇ ಇದೆ ಅನ್ನುತ್ತಾರೆ. ಜಗಳ ಇನ್ನೂ ಮುಗಿದಿಲ್ಲ.”

“ಯಾರದ್ದು ಸರಿ?”

“ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಅವಳಿಗೆ ಹೇಳಿದೆಯಾ?”

“ಹೇಳಿದರೆ ಹೆದರುತ್ತಾಳೆ. ಒಬ್ಬಳು ಹೆದರಿದರೆ ನಾಳೆ ಆ ಕೋಣೆಗೆ ಯಾವ ಆಯಾನೂ ಬರುವುದಿಲ್ಲ. ಆಮೇಲೆ ಮಕ್ಕಳನ್ನು ಯಾರು ಹಿಡಿದುಕೊಳ್ಳಬೇಕು?”

ಗುರುಗಳು ಕೈಯಲ್ಲಿದ್ದ ಚಕ್ಕೆಯನ್ನು ನೆಲಕ್ಕೆ ಬಡಿದರು. ಅವರ ದನಿ ಅಷ್ಟು ಏರಿದ್ದನ್ನು ಶಿಷ್ಯ ಎಂದೂ ಕೇಳಿರಲಿಲ್ಲ.

“ನಡೆ! ಊರಿಗೆ ಬಸ್ಸು ಇನ್ನೂ ಇದೆ. ಬೆಳಿಗ್ಗೆ ಅವಳು ಆ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ, ಅಳುವ ಮಗುವನ್ನು ಹಿಡಿದುಕೊಂಡು ಒಳಗೆ ನೀನು ನಿಂತಿರಬೇಕು.”